ಮೋಟರ್ ಅತ್ತೆಯ ಮನೆಗೆ ತಂತಿ ಎಳೆದದ್ದು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇಡೀ ಬೀದಿಗೆ ಮೋಟರ್ ಅತ್ತೆ. ತರಕಾರಿಯವನೂ ಹಾಗೇ ಕರೆಯುತ್ತಾನೆ, ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆಯುತ್ತಾನೆ. ಸಿಟ್ಟು ಬಂದರೆ ನಮ್ಮಪ್ಪನೇ "ಏನಂತೆ ನಿನ್ನ ಮೋಟರ್ ಅತ್ತೆ?" ಅಂತ ನನ್ನನ್ನು ಕೇಳುತ್ತಾರೆ, ತನಗೂ ಆಕೆಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಯಾಕೆ ಮೋಟರ್ ಅಂದರೆ, ಅತ್ತೆ ಓದು ಬಿಟ್ಟಾಗಿನಿಂದ ಕೆಲಸ ಮಾಡಿದ್ದು ಒಂದೇ ಕಡೆ, ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ. ಸುಟ್ಟುಹೋದ ನೀರಿನ ಪಂಪು, ಗಕ್ಕನೆ ನಿಂತ ಫ್ಯಾನು, ಹೊಗೆ ಬಿಟ್ಟ ಮಿಕ್ಸಿ, ಏನೇ ಬರಲಿ, ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ಜೀವ ಬರಿಸುವುದು ಅವರ ಕೆಲಸ.

ನಾನು ಸ್ಕೂಲಿನಿಂದ ನೇರ ಆ ಅಂಗಡಿಗೇ ಹೋಗುತ್ತಿದ್ದೆ. ಒಂದು ಶಟರ್, ಒಂದು ಉದ್ದನೆ ಮೇಜು, ಮೂಗಿಗೆ ಹೊಡೆಯುವ ವಾರ್ನಿಶ್ ವಾಸನೆ, ಅಷ್ಟೇ ಅಂಗಡಿ. ಅತ್ತೆ ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತಾ, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ತಂತಿ ಬಿಡುತ್ತಾ, ನನ್ನ ಕ್ಲಾಸಿನ ಜಗಳವನ್ನೆಲ್ಲ ಕೇಳುತ್ತಿದ್ದರು.

"ಮಾತಾಡ್ತಾ ಸುತ್ತಿದ್ರೆ ಲೆಕ್ಕ ತಪ್ಪಲ್ವಾ ಅತ್ತೆ?"

"ತಪ್ಪಿದ್ರೆ ಬೆರಳು ಹೇಳುತ್ತೆ ಕಣೇ. ನೀನು ಮುಂದಕ್ಕೆ ಹೇಳು, ಅವಳು ನಿನ್ನ ಜಡೆ ಎಳೆದ್ಲು, ಆಮೇಲೆ?"

ಅತ್ತೆ ಮದುವೆ ಆಗಲಿಲ್ಲ. ಯಾಕೆ ಅಂತ ಯಾರಾದರೂ ಕೆದಕಿದರೆ "ಪುರುಸೊತ್ತು ಸಿಗಲಿಲ್ಲ" ಅನ್ನುತ್ತಾರೆ, ಬಸ್ಸು ತಪ್ಪಿಹೋಯಿತು ಅನ್ನುವಷ್ಟು ಸಲೀಸಾಗಿ. ಇನ್ನೊಬ್ಬರ ಹತ್ತಿರ ಒಂದು ಲೋಟ ನೀರು ಕೇಳಿದ್ದನ್ನೂ ನಾನು ನೋಡಿಲ್ಲ. ಹಬೆಯಾಡುವ ಪಾತ್ರೆ ಇಳಿಸುವುದಿರಲಿ, ಮೋಟರ್ ಹೊರುವುದಿರಲಿ, ಯಾರಾದರೂ "ಕೊಡಿ ಇಲ್ಲಿ" ಅಂದರೆ "ಬೇಡ ಬೇಡ, ಆಯ್ತು" ಅನ್ನುತ್ತಾ ಅಷ್ಟರಲ್ಲಿ ಮುಗಿಸಿಯೇ ಬಿಟ್ಟಿರುತ್ತಾರೆ.

ಆಮೇಲೆ ಕಣ್ಣು ಕೈಕೊಟ್ಟಿತು. ಪೂರ್ತಿ ಕತ್ತಲೆಯಲ್ಲ, ಅದೊಂದು ವಿಚಿತ್ರ ಕಾಯಿಲೆ, ನಡುವಿನ ನೋಟ ಹೋಗಿ ಅಂಚಿನದ್ದು ಮಾತ್ರ ಉಳಿಯುವುದು. "ನೋಡಬೇಕಾದ್ದು ಮಾತ್ರ ಕಾಣಲ್ಲ, ಸುತ್ತಮುತ್ತ ಇರೋದೆಲ್ಲ ಕಾಣುತ್ತೆ" ಅಂತ ಅತ್ತೆ ನಗುತ್ತಲೇ ಹೇಳಿದರು. "ನಿನ್ನ ಮುಖ ನೋಡಿದ್ರೆ ಮುಖ ಬಿಟ್ಟು ಕಿವಿ ಕಾಣುತ್ತೆ. ಓಲೆ ಹೊಸದಾ?" ಓಲೆ ಹೊಸದೇ! ನಾನು ನಗಬೇಕೋ ಅಳಬೇಕೋ ಗೊತ್ತಾಗದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅಂಗಡಿ ಬಿಡಬೇಕಾಯಿತು.

ಅತ್ತೆ ಇರುವುದು ಬಾಡಿಗೆಯ ಮಹಡಿ ಮನೆಯಲ್ಲಿ. ಎರಡು ರೂಮು, ಅಡುಗೆಮನೆ, ತೀರಾ ಹಿಂದೆ ಬಟ್ಟೆ ಒಗೆಯುವ ಪುಟ್ಟ ಜಾಗ, ಅಲ್ಲೊಂದು ನಲ್ಲಿ. ಆ ನಲ್ಲಿಯ ಸರಿಯಾಗಿ ಕೆಳಗೆ ಮನೆ ಓನರ್ ಅವರ ಮಲಗುವ ಕೋಣೆ. ಓನರಮ್ಮ ಗಣಿತದ ಟೀಚರ್ ಆಗಿದ್ದವರು, ರಿಟೈರ್ ಆಗಿದ್ದಾರೆ, ಒಬ್ಬರೇ ಇದ್ದಾರೆ. ಮೇಲೊಬ್ಬರು ಒಂಟಿ, ಕೆಳಗೊಬ್ಬರು ಒಂಟಿ, ಮಧ್ಯೆ ಒಂದು ಮೆಟ್ಟಿಲು. ಎದುರಾದರೆ "ಆಯ್ತಾ ಕೆಲಸ?" "ಆಯ್ತು ಟೀಚರ್", ಅಲ್ಲಿಗೆ ಮುಗಿಯಿತು.

ನಾನು ಎಲೆಕ್ಟ್ರಾನಿಕ್ಸ್‌ಗೆ ಸೇರಿದ ಹುಮ್ಮಸ್ಸಿನಲ್ಲಿ ಅತ್ತೆಯ ಮನೆಗೆಲ್ಲ ಸೆನ್ಸರ್ ಹಾಕಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಗಳು: ಮುಂಬಾಗಿಲಿಗೊಂದು, ಫ್ರಿಜ್ಜಿಗೊಂದು, ಬಚ್ಚಲಿಗೊಂದು, ಹಿಂದಿನ ನಲ್ಲಿಯ ಹತ್ತಿರ ನೆಲದ ಮೇಲೊಂದು. ಬಾಗಿಲು ತೆರೆದೇ ಇದ್ದರೆ, ನೆಲದ ಮೇಲೆ ನೀರು ನಿಂತರೆ, ಆ ಡಬ್ಬಿ ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ, ಮುಂದಿನ ರೂಮಿನ ಶೆಲ್ಫ್ ಮೇಲಿರುವ ಸ್ಪೀಕರ್ ಅದನ್ನು ಕೂಗಿ ಹೇಳುತ್ತದೆ. ಯಂತ್ರದ ದನಿ ಯಾರಿಗೆ ಬೇಕು ಅಂತ ನಾನು ಮನೆಯವರ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿದ್ದೆ. ಬಾಗಿಲಿಗೆ ಅಪ್ಪನ ಗುರ್ರ್ ಅನ್ನುವ ದನಿ: "ಅಕ್ಕಾ, ಬಾಗಿಲು ಹಾಕ್ಕೋ." ನೀರಿಗೆ ನನ್ನ ಕಿರುಚಾಟ: "ನೀರೂ! ನೀರೂ! ನೀರೂ!"

ಎಲ್ಲ ಸರಿ ಇತ್ತು, ಸೆಲ್ಲು ಒಂದನ್ನು ಬಿಟ್ಟು. ಪ್ರತಿ ಡಬ್ಬಿಗೂ ಸಣ್ಣ ಪೆನ್ಸಿಲ್ ಸೆಲ್ಲು ಎರಡೆರಡು. ಸೆಲ್ಲು ಸತ್ತರೆ ಡಬ್ಬಿ ಕೆಂಪಗೆ ಮಿನುಗಿ ಹೇಳುತ್ತದೆ, ಆದರೆ ಅತ್ತೆಗೆ ಮಿನುಗುವುದು ಕಾಣಬೇಕಲ್ಲ! ಆಮೇಲೆ ಅದು ಸುಮ್ಮನಾಗುತ್ತದೆ. ಎಲ್ಲ ಸರಿ ಇದ್ದಾಗಲೂ ಸುಮ್ಮನೆ, ಸತ್ತಾಗಲೂ ಸುಮ್ಮನೆ. ಅತ್ತೆ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಆಗಾಗ ಎಲ್ಲ ಸೆಲ್ಲು ಬಿಚ್ಚಿ ಒಂದೊಂದನ್ನೇ ಮೇಜಿನ ಮೇಲೆ ನೆಟ್ಟಗೆ ಬೀಳಿಸಿ ಕಿವಿಗೊಡುವುದು. ಹೊಸ ಸೆಲ್ಲು ದಪ್ ಅಂತ ಕೂರುತ್ತದೆ, ಖಾಲಿ ಸೆಲ್ಲು ಟಕಟಕ ಪುಟಿದು ಉರುಳುತ್ತದೆ. ಪುಟಿದದ್ದನ್ನು ತೆಗೆದುಹಾಕಿ, ಉಳಿದದ್ದನ್ನು ತುದಿ ಸವರಿ ನೋಡಿ ವಾಪಸ್ ಹಾಕುತ್ತಿದ್ದರು.

ಹಾಗೆ ಹಾಕುತ್ತಿದ್ದಾಗಲೇ ಒಂದು ದಿನ ಅಪ್ಪನ ಫೋನು. ವಿಷಯ ಯಾವಾಗಲೂ ಒಂದೇ, ಒಬ್ಬಳೇ ಇರಬೇಡ, ನಮ್ಮನೆಗೆ ಬಾ. ಅತ್ತೆ ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು, ತಮ್ಮನ ಜೊತೆ ವಾದ ಮಾಡುತ್ತಾ, ನೀರಿನ ಡಬ್ಬಿಗೆ ಒಂದು ಸೆಲ್ಲು ಉಲ್ಟಾ ಹಾಕಿಬಿಟ್ಟರು. ಆಮೇಲೆ ಹಿಂದಿನ ನಲ್ಲಿ ತಿರುಗಿಸಿ ಬಕೆಟ್ ಇಟ್ಟರು. ನೀರು ನೂಲಿನಷ್ಟು ಸಣ್ಣಗೆ ಬರುತ್ತಿತ್ತು, ತುಂಬಲು ಹೊತ್ತಾಗುತ್ತದೆ ಅಂತ ಒಳಗೆ ಬಂದು ರೇಡಿಯೋ ಹಾಕಿಕೊಂಡರು. ನೀರಿನ ಬಿರುಸು ಯಾವಾಗ ಏರಿತೋ ದೇವರಿಗೇ ಗೊತ್ತು. ಒಂದು ಕಾಲುಚೀಲ ಹೋಗಿ ಚರಂಡಿ ತೂತಿಗೆ ಸಿಕ್ಕಿಕೊಂಡಿತ್ತು. ನನ್ನ ಕಿರುಚಾಟ ಬರಲೇ ಇಲ್ಲ. ಕಾಲಿಗೆ ತಣ್ಣಗೆ ತಗುಲಿದಾಗಲೇ ಅತ್ತೆಗೆ ಗೊತ್ತಾಗಿದ್ದು.

ಕೆಳಗೆ ಟೀಚರ್ ಮಂಚದ ಮೇಲೆ ಗಾರೆ ಸಮೇತ ನೀರು ಸುರಿದಿತ್ತು. ಹಾಸಿಗೆ, ಹೊದಿಕೆ, ಓದಲು ಇಟ್ಟುಕೊಂಡಿದ್ದ ಪುಸ್ತಕ, ಎಲ್ಲ ತೊಪ್ಪೆ. ಟೀಚರ್ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ಒಂದೇ ಮಾತು ಹೇಳಿದರು: "ಈ ತಿಂಗಳು ಮುಗಿಯೋದರೊಳಗೆ ಮನೆ ಖಾಲಿ ಮಾಡಿ."

ಅಪ್ಪನಿಗಂತೂ ಖುಷಿಯೇ ಆಯಿತು, ತೋರಿಸಿಕೊಳ್ಳಲಿಲ್ಲ ಅಷ್ಟೇ. ಅವತ್ತೇ ಸಂಜೆ ನನ್ನನ್ನೂ ಕರೆದುಕೊಂಡು ಹೋಗಿ ಅತ್ತೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಸಾಕು ಅಕ್ಕ ಈ ಸರ್ಕಸ್ಸು. ರೂಮ್ ಖಾಲಿ ಇದೆ. ನಾವೇನು ಹುಲಿನಾ ಕರಡಿನಾ?"

"ಹುಲಿ ಆಗಿದ್ರೆ ಬರ್ತಿದ್ದೆ ಕಣೋ, ಅದು ತಿಂದು ಸುಮ್ನಾಗುತ್ತೆ. ನಿಮ್ಮನೇಲಿ ನಾನು ಒಂದು ಲೋಟ ನೀರಿಗೆ ಎದ್ರೆ ಮನೆಮಂದಿಯೆಲ್ಲಾ ಎದ್ದು ಬರ್ತೀರಿ. ಇಲ್ಲಿ ಯಾವ ಸೌಟು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು. ಅಲ್ಲಿ ನಾನು ನಿಜವಾಗ್ಲೂ ಕುರುಡಿ ಆಗ್ತೀನಿ."

ಅತ್ತೆ ಆ ಪದವನ್ನು ತಮ್ಮ ಬಗ್ಗೆ ಬಳಸಿದ್ದು ಅದೇ ಮೊದಲು.

ಆಮೇಲೆ ಅತ್ತೆ ನನ್ನ ಕಡೆ, ಅಂದರೆ ನನ್ನ ಕಿವಿಯ ಕಡೆ, ತಿರುಗಿದರು. "ಏ, ಕಾಲೇಜು. ತೊಂದರೆ ಕೊಡ್ತಿರೋದು ಸೆಲ್ಲು ತಾನೆ? ಸೆಲ್ಲೇ ತೆಗೆದುಬಿಟ್ರೆ? ತಂತಿ ಎಳೆದು ಕರೆಂಟ್ ಕೊಟ್ರೆ ಆಗಲ್ವಾ?"

ಅಯ್ಯೋ, ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಅದು! ಆಗುತ್ತದೆ, ಖಂಡಿತ ಆಗುತ್ತದೆ, ಜನ ಮಾಡಿಯೂ ಇದ್ದಾರೆ. ನಾನು ಕೂತಲ್ಲೇ ಕುಣಿದೆ. ಅಪ್ಪ ತಲೆ ಮೇಲೆ ಕೈ ಹೊತ್ತರು. ನಾನು ಅದೇ ಉಸಿರಿನಲ್ಲಿ ಕೆಳಗೆ ಓಡಿ ಟೀಚರ್ ಬಾಗಿಲು ಬಡಿದೆ.

"ಟೀಚರ್, ಭಾನುವಾರದವರೆಗೆ ಟೈಮ್ ಕೊಡಿ, ಪ್ಲೀಸ್. ಎಲ್ಲಾ ಸೆನ್ಸರ್‌ಗೂ ವೈರ್ ಹಾಕ್ತೀವಿ. ನೀವೇ ಬಂದು ನೆಲಕ್ಕೆ ನೀರು ಸುರಿದು ನೋಡಿ. ಕೂಗಲಿಲ್ಲ ಅಂದ್ರೆ ಅತ್ತೆ ಖಾಲಿ ಮಾಡ್ತಾರೆ."

ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ಪ್ರಾಕ್ಟಿಕಲ್ ಎಕ್ಸಾಮು ಅನ್ನು."

"ಹೌದು ಟೀಚರ್."

"ಗ್ರೇಸ್ ಮಾರ್ಕ್ಸ್ ಕೊಡೋ ಪೈಕಿ ಅಲ್ಲ ನಾನು."

ಮಾರನೆಯ ದಿನದಿಂದಲೇ ಕೆಲಸ ಶುರು. ಕಾಲೇಜಿಗೆ ಹೇಗೂ ರಜೆ. ಡಬ್ಬಿಯನ್ನು ಒಡೆದು ಬೆಸುಗೆ ಹಾಕುವುದು ಬೇಡ, ಸೆಲ್ಲು ಕೂರುವ ಜಾಗದಲ್ಲೇ ಸುಳ್ಳು ಸೆಲ್ಲು ಕೂರಿಸೋಣ ಅಂತ ನಮ್ಮ ಯೋಜನೆ. ಸೆಲ್ಲಿನದೇ ಉದ್ದ, ಸೆಲ್ಲಿನದೇ ದಪ್ಪದ ಮರದ ತುಂಡು, ಅದರ ತುದಿಗೊಂದು ಹಿತ್ತಾಳೆ ಸ್ಕ್ರೂ, ಸ್ಕ್ರೂ ತಲೆಯಡಿ ತಂತಿ. ಡಬ್ಬಿಗೆ ಸೆಲ್ಲೇ ಬಂತು ಅಂತ ಭ್ರಮೆ, ಆದರೆ ಕರೆಂಟ್ ಬರುವುದು ಗೋಡೆಯಿಂದ. ಮರ ಎಲ್ಲಿಂದ ತರುವುದು ಅಂತ ನಾನು ಯೋಚಿಸುತ್ತಿದ್ದರೆ ಅತ್ತೆ ಅಡುಗೆಮನೆಯಿಂದ ಮರದ ಸೌಟು ತಂದು, ಹಿಡಿಯನ್ನು ಗರಗಸದಲ್ಲಿ ಕೊಯ್ದೇಬಿಟ್ಟರು.

"ಅತ್ತೆ! ಸೌಟು!"

"ಇನ್ನೊಂದಿದೆ ಬಿಡೇ. ಸೌಟಿನ ಆಸೆಗೆ ಮನೆ ಬಿಡಕ್ಕಾಗುತ್ತಾ?"

ಅಪ್ಪ ಮುಖ ಗಂಟಿಕ್ಕಿಕೊಂಡೇ ಅಂಗಡಿಗೆ ಹೋಗಿ ಬೇಕಾದ್ದೆಲ್ಲ ತಂದುಕೊಟ್ಟರು. ಹಳೆಯ ಫೋನ್ ಚಾರ್ಜರ್ ಕೊಡುವುದು ಐದು ವೋಲ್ಟ್, ಎರಡು ಸೆಲ್ಲು ಸೇರಿ ಕೊಡುವುದು ಮೂರು, ಹಾಗಾಗಿ ವೋಲ್ಟೇಜ್ ಇಳಿಸುವ ಒಂದು ಪುಟ್ಟ ಬೋರ್ಡು. ಕರೆಂಟ್ ಹೋದರೂ ಡಬ್ಬಿ, ಸ್ಪೀಕರ್ ಎಲ್ಲ ನಡೆಯಲಿ ಅಂತ, ಮನೆಗಳಲ್ಲಿ ಇಂಟರ್ನೆಟ್ ಡಬ್ಬಿಗೆ ಇಡುತ್ತಾರಲ್ಲ, ಅಂಥದ್ದೊಂದು ಬ್ಯಾಕಪ್. ಮಿಕ್ಕಿದ್ದು ತಂತಿ, ತಂತಿ, ತಂತಿ.

ಮೊದಲನೇ ಡಬ್ಬಿಗೆ ನಾನು ಸುಳ್ಳು ಸೆಲ್ಲು ಹಾಕಿ ಸ್ವಿಚ್ ಒತ್ತಿದೆ. ದೀಪ ಹತ್ತಲಿಲ್ಲ. ಮೀಟರ್ ಇಟ್ಟು ನೋಡಿದೆ, ಕರೆಂಟ್ ಬರುತ್ತಿದೆ. ಪುಸ್ತಕದ ವಿದ್ಯೆಯೆಲ್ಲ ನೆನಪಿಸಿಕೊಂಡೆ. ಅತ್ತೆ ಕೈ ಚಾಚಿ ಬೋರ್ಡಿನಿಂದ ಡಬ್ಬಿಯವರೆಗೆ ತಂತಿ ಸವರಿ ನೋಡಿ ಕಿಸಕ್ಕನೆ ನಕ್ಕರು.

"ಉಲ್ಟಾ ಹಾಕಿದ್ಯಾ?"

"ಅಯ್ಯೋ."

"ಪರವಾಗಿಲ್ಲ, ನಮ್ಮ ವಂಶದ ಹುಡುಗಿನೇ ಅಂತ ಖಾತ್ರಿ ಆಯ್ತು."

ಪುಣ್ಯಕ್ಕೆ ಡಬ್ಬಿ ಸುಡಲಿಲ್ಲ. ಆಮೇಲೆ ಅತ್ತೆ ಪ್ಲಸ್ ತಂತಿಗೆಲ್ಲ ಒಂದೊಂದು ಗಂಟು ಹಾಕಿಟ್ಟರು, ಇಬ್ಬರಿಗೂ ಅನುಕೂಲ ಆಗಲಿ ಅಂತ.

ತಂತಿ ಎಳೆಯುವ ಕೆಲಸ ಎಷ್ಟು ಚೆನ್ನಾಗಿತ್ತು ಅಂದರೆ! ನಾನು ನೆಲದ ಮೇಲೆ ಮಂಡಿಯೂರಿ ತಂತಿ ಬಿಡುತ್ತಾ ಮುಂದೆ, ಅತ್ತೆ ಹಿಂದಿನಿಂದ ಅದನ್ನು ಗೋಡೆಗೆ ಒತ್ತಿ ಕ್ಲಿಪ್ ಹಾಕುತ್ತಾ. ಅಡುಗೆಮನೆ ಹೊಸ್ತಿಲು, ಫ್ರಿಜ್ಜಿನ ಬೆನ್ನು, ಬಚ್ಚಲ ಬಾಗಿಲ ಚೌಕಟ್ಟು. ಅತ್ತೆ ಹಾಕಿದ ತಂತಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ, ನಾನು ಹಾಕಿದ್ದು ಹಾವು ಹರಿದ ಹಾಗೆ. ಹಿಂದಿನ ನಲ್ಲಿಯವರೆಗೆ ಹೋಗಿ ಮುಟ್ಟಿದಾಗ ಅತ್ತೆ ಸುಮ್ಮನೆ ವಾಪಸ್ ಮುಂದಿನ ರೂಮಿಗೆ ನಡೆದರು. ಬೆರಳ ತುದಿ ತಂತಿಯ ಮೇಲಿಟ್ಟುಕೊಂಡು, ಒಂದು ಕುರ್ಚಿಗೂ ತಾಗದೆ, ನಿಲ್ಲದೆ.

"ಏ, ಇದು ಚೆನ್ನಾಗಿದೆ ಕಣೇ" ಅಂದರು ಅಲ್ಲಿಂದಲೇ. "ಕೈ ಹಿಡ್ಕೊಂಡು ಕರ್ಕೊಂಡು ಹೋಗುತ್ತೆ, ಮಾತೂ ಆಡಲ್ಲ, ಹುಷಾರು ಹುಷಾರು ಅಂತ ಪ್ರಾಣಾನೂ ತಿನ್ನಲ್ಲ." ಕೊನೆಯ ಮಾತು ಅಪ್ಪನಿಗೆ. ಅಪ್ಪ ಏಣಿಯ ಮೇಲಿಂದ "ಕೇಳಿಸ್ತು" ಅಂದರು.

ಶನಿವಾರ ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ನೀರು ಸುರಿದೆ, ನಾನೇ ನನ್ನ ಮೇಲೆ ಕಿರುಚಿಕೊಂಡೆ. ಬಾಗಿಲು ತೆಗೆದೆವು, ಅಪ್ಪ ಅಪ್ಪನ ಮೇಲೆಯೇ ಗುರ್ ಅಂದರು. ಮೇನ್ ಸ್ವಿಚ್ ಆಫ್ ಮಾಡಿದರೂ ಎಲ್ಲ ನಡೆಯಿತು. ಪ್ರತಿ ಡಬ್ಬಿಯ ಹತ್ತಿರವೂ ಒಂದು ಮಾರೋ ಎರಡು ಮಾರೋ ತಂತಿ ಜೋತಾಡುತ್ತಿತ್ತು, ಆಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟು, ಗೆದ್ದೇಬಿಟ್ಟವರ ಹಾಗೆ ನಾನೂ ಅಪ್ಪನೂ ಮನೆಗೆ ಹೋದೆವು.

ಭಾನುವಾರ ಟೀಚರ್ ಸರಿಯಾದ ಹೊತ್ತಿಗೆ ಬಂದರು, ಕೈಯಲ್ಲಿ ತಮ್ಮದೇ ಒಂದು ತಂಬಿಗೆ ನೀರು ಹಿಡಿದುಕೊಂಡು. ನಮ್ಮ ನೀರಿನ ಮೇಲೂ ನಂಬಿಕೆ ಇಲ್ಲ ನೋಡಿ! ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಒಪ್ಪವಾಗಿ ಬಾಚಿಕೊಂಡು, ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದರು. ಅವರ ಕೈಬೆರಳು ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇತ್ತು.

"ಕರೆಂಟ್ ಹೋದರೆ?" ಟೀಚರ್ ಮೊದಲನೇ ಪ್ರಶ್ನೆ.

ಮೇನ್ ಸ್ವಿಚ್ ಆಫ್ ಮಾಡಿ ತೋರಿಸಿದೆ. ಮುಂಬಾಗಿಲು ತೆಗೆದಿಟ್ಟೆ. ಅಪ್ಪನ ದನಿ ಬಂತು. ಟೀಚರ್ ಹುಬ್ಬು ಒಂದು ಎಳೆಯಷ್ಟು ಮೇಲೆ ಹೋಯಿತು. ಸ್ವಿಚ್ ಮತ್ತೆ ಹಾಕಿ ಹಿಂದಿನ ನಲ್ಲಿಯ ಹತ್ತಿರ ಹೋದೆವು. ಡಬ್ಬಿಯ ದೀಪ ಹಸಿರಾಗಿ ಉರಿಯುತ್ತಿತ್ತು. ಟೀಚರ್ ಬಗ್ಗಿ ತಂಬಿಗೆ ನೀರನ್ನು ನೆಲಕ್ಕೆ ಸುರಿದರು. ನೀರು ಹರಡಿ ಡಬ್ಬಿಯ ಅಡಿಗೆ ಹೋಯಿತು.

ಯಾವ ಸದ್ದೂ ಇಲ್ಲ.

ನಾವೆಲ್ಲ ಮುಂದಿನ ರೂಮಿನ ಕಡೆ ಕಿವಿ ಕೊಟ್ಟು ನಿಂತೆವು. ಅಪ್ಪ ಗಂಟಲು ಸರಿ ಮಾಡಿಕೊಂಡರು, ಅದೊಂದೇ ಸದ್ದು. ಟೀಚರ್ ಖಾಲಿ ತಂಬಿಗೆ ಬೋರಲು ಹಾಕಿ ತೋರಿಸಿದರು, ಇನ್ನೇನೂ ಉಳಿದಿಲ್ಲ ಅನ್ನುವ ಹಾಗೆ.

"ದೀಪ ಇದೆ ಟೀಚರ್, ನೋಡಿ, ಕರೆಂಟ್ ಇದೆ, ನಿನ್ನೆ ಎಲ್ಲಾ ಸರಿ ಇತ್ತು, ದೇವರಾಣೆ..." ನಾನು ನೆಲಕ್ಕೆ ಕೂತು ಡಬ್ಬಿ ಕೈಗೆತ್ತಿಕೊಂಡೆ. ಆಗ ನೋಡಿದೆ. ಡಬ್ಬಿಯ ಮೈಗೆ ತಂತಿ ಸುತ್ತಿತ್ತು. ಸುಮ್ಮನೆ ಸುತ್ತಿದ್ದಲ್ಲ, ಒಂದರ ಪಕ್ಕ ಒಂದು, ಸಂದಿಯಿಲ್ಲದೆ, ಪದರದ ಮೇಲೆ ಪದರ, ತುದಿಗೆ ನೂಲಿನಿಂದ ಕಟ್ಟಿ, ಅಂಗಡಿಯಲ್ಲಿ ಮಾಡಿಟ್ಟ ಹೊಸ ಕಾಯಿಲ್‌ನ ಹಾಗೆ ಥಳಥಳ.

"ಅತ್ತೆ, ಇದು..."

"ನಾನೇ ಸುತ್ತಿದ್ದು" ಅಂದರು ಅತ್ತೆ. "ನೀವು ಹೋದಮೇಲೆ. ಎಲ್ಲಾ ಕಡೆ ಜೋತಾಡ್ತಿತ್ತು. ತಂತಿ ಸಡಿಲ ಇದ್ರೆ ನನಗೆ ಆಗಲ್ಲ ಕಣೇ, ಕತ್ತರಿಸೋಕೂ ಮನಸ್ಸು ಬರಲ್ಲ. ಟೀಚರ್ ಬರ್ತಾರೆ, ನೀಟಾಗಿ ಕಾಣಲಿ ಅಂತ..." ಅಷ್ಟು ಹೇಳಿ ನಿಲ್ಲಿಸಿದರು. "ಏನಾಯ್ತು? ಸುತ್ತಬಾರದಿತ್ತಾ?"

ಸುತ್ತಬಾರದಿತ್ತು. ಡಬ್ಬಿ ಸುದ್ದಿ ಕಳಿಸುವುದು ಗಾಳಿಯಲ್ಲಿ, ಅದರೊಳಗಿನ ಪುಟ್ಟ ಆಂಟೆನಾದಿಂದ. ಅದರ ಮೈತುಂಬ ತಾಮ್ರ ಬಿಗಿದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಮುಂಬಾಗಿಲಿನ ಡಬ್ಬಿ ಸ್ಪೀಕರ್ ಪಕ್ಕದಲ್ಲೇ ಇದ್ದದ್ದರಿಂದ ಹೇಗೋ ಬಚಾವಾಗಿತ್ತು. ಹಿಂದಿನದ್ದು ಕಿರುಚುತ್ತಲೇ ಇತ್ತು ಪಾಪ, ಆಚೆಗೆ ಕೇಳಿಸುತ್ತಿರಲಿಲ್ಲ. ಒಂದು ಜೀವಮಾನವೆಲ್ಲ ಯಾವ ಕೈ ಮೋಟರ್‌ಗಳನ್ನು ಬದುಕಿಸಿತ್ತೋ ಅದೇ ಕೈ, ಅದೇ ಅಭ್ಯಾಸಕ್ಕೆ, ಇದನ್ನು ಮೂಕ ಮಾಡಿತ್ತು. ನನಗೆ ಅದನ್ನು ಹೇಗೆ ಹೇಳಬೇಕೋ ತಿಳಿಯಲಿಲ್ಲ, ತಡವರಿಸುತ್ತಾ ಹೇಳಿದೆ. ಅತ್ತೆ ಕೇಳಿ, "ಓ" ಅಂದರು. ಆಮೇಲೆ ಟೀಚರ್ ಕಡೆ ತಿರುಗಿ, "ಫೇಲು ಟೀಚರ್. ನನ್ನದೇ ತಪ್ಪು. ಹುಡುಗಿದಲ್ಲ. ಮಾತು ಕೊಟ್ಟ ಹಾಗೆ ಖಾಲಿ ಮಾಡ್ತೀನಿ" ಅಂದವರೇ ಒರೆಸುವ ಬಟ್ಟೆ ತೆಗೆದುಕೊಂಡು, ಟೀಚರ್ ಸುರಿದ ನೀರನ್ನು ಒರೆಸಲು ಮಂಡಿಯೂರಿದರು.

ಅದನ್ನು ನೋಡಿ ಟೀಚರ್‌ಗೆ ಏನಾಯಿತೋ, ಒಮ್ಮೆಲೇ ರೇಗಿದರು. ಇಷ್ಟು ದಿನ ಕಾಣದ ಸಿಟ್ಟು.

"ಅವತ್ತೂ ಹೀಗೇ ಮಾಡಿದ್ರಿ! ಅವತ್ತೂ ಹೀಗೇ ಬಗ್ಗಿಕೊಂಡು ಒಬ್ಬರೇ ಒರೆಸ್ತಾ ಕೂತಿದ್ರಿ ತಾನೆ?"

ಅತ್ತೆ ಬಟ್ಟೆ ಹಿಡಿದೇ ತಲೆ ಎತ್ತಿದರು.

"ನೀರು ಯಾರ ಮನೇಲಿ ಚೆಲ್ಲಲ್ಲ? ಒಂದು ಮಾತು ಮೆಟ್ಟಿಲ ಹತ್ರ ನಿಂತು 'ಟೀಚರ್, ನೀರು' ಅಂತ ಕೂಗಿದ್ರೆ ನಾನು ಮಂಚ ಸರಿಸ್ಕೋತಿದ್ದೆ. ಬಕೆಟ್ ಹಿಡ್ಕೊಂಡು ಮೇಲೆ ಬರ್ತಿದ್ದೆ. ನಾನು ಕೆಳಗೆ ಅಡುಗೆಮನೇಲೇ ಇದ್ದೆ ಕಣ್ರೀ, ಸತ್ತಿರಲಿಲ್ಲ! ನನಗೆ ಬೇಜಾರಾಗಿದ್ದು ಹಾಸಿಗೆಗಲ್ಲ. ಅಷ್ಟು ವರ್ಷದಿಂದ ಒಂದೇ ಸೂರಿನಡಿ ಇದ್ದೀವಿ, ನನ್ನ ಕರೆಯೋಕೆ ನಿಮಗೆ ಬಾಯೇ ಬರಲಿಲ್ವಲ್ಲ ಅಂತ."

ಅತ್ತೆಯ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನಿಮಗ್ಯಾಕೆ ತೊಂದರೆ ಅಂತ..." ಅಂದರು ಕೊನೆಗೆ, ತೀರಾ ಮೆಲ್ಲಗೆ.

"ತೊಂದರೆ ಕೊಟ್ಟಾಯ್ತಲ್ಲ!" ಟೀಚರ್ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೀನು ಬಿಚ್ಚು ಅದನ್ನ. ಮತ್ತೆ ಸುರೀತೀನಿ. ಸಪ್ಲಿಮೆಂಟರಿ ಅಂತ ಒಂದಿರುತ್ತೆ, ನಿಮ್ಮ ಕಾಲೇಜಲ್ಲಿ ಇಲ್ವಾ?"

ನಾನು ಎಷ್ಟು ಬೇಗ ಬಿಚ್ಚಿದೆ ಅಂದರೆ ಬೆರಳು ಕುಯ್ದುಕೊಂಡದ್ದೂ ಗೊತ್ತಾಗಲಿಲ್ಲ. ನೂಲು ಕತ್ತರಿಸಿ, ಸುತ್ತು ಬಿಚ್ಚಿ, ಹೆಚ್ಚಿನ ತಂತಿಯನ್ನು ಡಬ್ಬಿಯಿಂದ ದೂರಕ್ಕೆ, ಬಾಗಿಲಿನಾಚೆಯ ಗೋಡೆಗೆ ತಗುಲಿಹಾಕಿದೆ. ಟೀಚರ್ ನಮ್ಮ ನಲ್ಲಿಯಲ್ಲೇ ತಂಬಿಗೆ ತುಂಬಿಸಿ ಸುರಿದರು. ನೀರು ಡಬ್ಬಿಯ ಅಡಿ ಸೇರಿತೋ ಇಲ್ಲವೋ, ಮುಂದಿನ ರೂಮಿನಿಂದ "ನೀರೂ! ನೀರೂ! ನೀರೂ!" ಅಂತ ನನ್ನ ಕಿರುಚಾಟ! ಟೀಚರ್ ಬೆಚ್ಚಿಬಿದ್ದು ಅಪ್ಪನ ಕಾಲು ತುಳಿದರು. ಅಪ್ಪ ಅಯ್ಯೋ ಅಂದರು. ನಾನು ಅತ್ತೆಯನ್ನು ತಬ್ಬಿಕೊಂಡು ಇಬ್ಬರೂ ಒದ್ದೆಯಾದೆವು.

"ಕುಣೀಬೇಡಿ, ಇನ್ನೂ ಪಾಸಾಗಿಲ್ಲ" ಅಂದರು ಟೀಚರ್. "ನಿಮ್ಮ ಡಬ್ಬಿ ನಿನ್ನೆಯಿಂದ ಮೂಕ ಆಗಿತ್ತು, ನಿಮಗೆ ಯಾರಿಗೂ ಗೊತ್ತೇ ಆಗಲಿಲ್ಲ. ಕ್ಲಾಸಲ್ಲಿ ಹುಡುಗ್ರು ಸುಮ್ನಿದ್ರೆ ಬಂದಿದ್ದಾರೆ ಅಂತ ಅರ್ಥಾನಾ? ಹಾಜರಿ ಕೂಗಬೇಕು. ದಿನಾ ಬೆಳಿಗ್ಗೆ."

ಹಾಜರಿ! ಎಂಥ ಐಡಿಯಾ! ಅಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತೆ. ಇನ್ನು ಮೇಲೆ ದಿನಾ ಬೆಳಿಗ್ಗೆ ಸ್ಪೀಕರ್ ಒಂದೊಂದೇ ಡಬ್ಬಿಯನ್ನು ವಿಚಾರಿಸುತ್ತದೆ, ಉತ್ತರ ಕೊಡದ ಡಬ್ಬಿಯ ಹೆಸರು ಹೇಳಿ "ಗೈರುಹಾಜರು" ಅನ್ನುತ್ತದೆ. ಆ ದನಿ ಟೀಚರ್‌ದೇ. ಅವರೇ ರೆಕಾರ್ಡ್ ಮಾಡಿಕೊಟ್ಟರು, "ಬಚ್ಚಲು... ಗೈರುಹಾಜರು" ಅಂತ, ಎಷ್ಟು ನಿಷ್ಠುರವಾಗಿ ಅಂದರೆ ಬಚ್ಚಲಿಗೆ ನಾಚಿಕೆಯಾಗಬೇಕು.

"ಆಮೇಲೆ ಇನ್ನೊಂದು" ಅಂದರು ಟೀಚರ್ ಹೊರಡುವ ಮುಂಚೆ. "ಇವರು ಹೊರಗೆ ಹೋಗಿದ್ದಾಗ ಇದು ಎಷ್ಟು ಕಿರುಚಿದರೇನು? ನನ್ನ ಮನೇಲೂ ಒಂದು ಸ್ಪೀಕರ್ ಇಡಿ. ಆದರೆ ಈ ಹುಡುಗಿ ಕಿರುಚೋದು ನನಗೆ ಬೇಡ, ನನ್ನ ಎದೆ ಒಡೆದುಹೋಗುತ್ತೆ. ಇವರ ದನಿ ಇರಲಿ. ಇವರೇ ಕರೀಬೇಕು."

ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿ ನಲ್ಲಿಯ ಮೇಲೆ ಹರವಿದರು.

ಸಂಜೆಯೊಳಗೆ ಕೆಳಗಿನ ಮನೆಯಲ್ಲಿ ಸ್ಪೀಕರ್ ಕೂರಿಸಿ, ಮೇಲೆ ಬಂದು, ಅತ್ತೆಯ ಮುಂದೆ ಫೋನ್ ಹಿಡಿದೆ. "ಹೇಳಿ ಅತ್ತೆ."

ಅತ್ತೆ ಸೀರೆ ಸರಿ ಮಾಡಿಕೊಂಡರು. ಕೆಮ್ಮಿದರು. "ಟೀಚರ್, ಇಲ್ಲಿ ಸ್ವಲ್ಪ ನೀರು ಬಂದಿದೆ. ಗಾಬರಿ ಆಗಬೇಡಿ, ನಾನೇ ನೋಡ್ಕೋತೀನಿ."

"ನೀವೇ ನೋಡ್ಕೊಳ್ಳೋದಾದ್ರೆ ಅವರಿಗ್ಯಾಕೆ ಹೇಳ್ತೀರಿ ಅತ್ತೆ!"

"ಹೌದಲ್ವಾ." ಇನ್ನೊಮ್ಮೆ ಶುರು ಮಾಡಿದರು. "ಟೀಚರ್, ನಿಮಗೆ ಪುರುಸೊತ್ತಿದ್ರೆ, ಕೆಲಸ ಏನೂ ಇಲ್ಲ ಅಂದ್ರೆ, ಅರ್ಜೆಂಟೇನಿಲ್ಲ..."

"ನೀನು ಮುಗಿಸೋದರೊಳಗೆ ಅವರ ಮಂಚ ತೇಲಿಹೋಗಿರುತ್ತೆ" ಅಂದರು ಅಪ್ಪ ಮೂಲೆಯಿಂದ.

ನಗುತ್ತಿದ್ದ ಅತ್ತೆ ಮಧ್ಯದಲ್ಲೇ ನಿಲ್ಲಿಸಿದರು. "ಬರ್ತಿಲ್ಲ ಕಣೇ" ಅಂದರು. "ನಿಜವಾಗ್ಲೂ ಬರ್ತಿಲ್ಲ. ನಾಲಿಗೆ ಮೇಲೇ ಬರ್ತಿಲ್ಲ." ಅಪ್ಪ ಎದ್ದು ಬಂದು ಅಕ್ಕನ ಪಕ್ಕ ನೆಲದ ಮೇಲೆ ಕೂತರು, ಎಂದೂ ಕೂರದವರು. ಮನೆಗೆ ಬಾ ಅನ್ನಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಗೋಡೆಯ ತಂತಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ಇದ್ದು, ಬಾಯಿಯನ್ನು ಫೋನಿನ ಹತ್ತಿರ ತಂದು, ಒಂದೇ ಉಸಿರಿಗೆ ಹೇಳಿದರು:

"ಟೀಚರ್, ನೀರು ಬರ್ತಿದೆ. ಸ್ವಲ್ಪ ಬನ್ನಿ."

ಅಷ್ಟೇ. ನಾನು ಅದನ್ನು ಸೇವ್ ಮಾಡಿ, ಕೆಳಗಿನ ಸ್ಪೀಕರ್‌ಗೆ ಜೋಡಿಸಿ, ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಅಂತ ಒಮ್ಮೆ ಒತ್ತಿದೆ. ನೆಲದಡಿಯಿಂದ ಅತ್ತೆಯ ದನಿ ಮಂದವಾಗಿ ಕೇಳಿಸಿತು. ಅದರ ಹಿಂದೆಯೇ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು, ಏನೋ ಪಾತ್ರೆ ಬಿದ್ದ ಸದ್ದು, ಮೆಟ್ಟಿಲ ಮೇಲೆ ದಡದಡ. "ಬಂದೆ! ಬಂದೆ ಇರಿ! ನೀವು ಓಡಾಡಬೇಡಿ, ಜಾರುತ್ತೆ!" ಬಾಗಿಲು ತಳ್ಳಿಕೊಂಡು ಟೀಚರ್ ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲ ಒರೆಸುವ ಕೋಲು, ಕನ್ನಡಕ ಮೂಗಿನ ತುದಿಗೆ.

"ಎಲ್ಲಿ? ಎಲ್ಲಿ ನೀರು?"

"ಟೆಸ್ಟಿಂಗು ಟೀಚರ್..." ಅಂದೆ ನಾನು, ಭೂಮಿಯೊಳಕ್ಕೆ ಇಳಿದುಹೋದರೆ ಸಾಕು ಅನ್ನಿಸುತ್ತಾ.

ಟೀಚರ್ ಬಕೆಟ್ ಕೆಳಗಿಟ್ಟರು. ಏದುಸಿರು ಬಿಡುತ್ತಾ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಕೊನೆಗೆ ಅತ್ತೆಯನ್ನು. ಅತ್ತೆಯ ಮುಖ ಬಾಗಿಲ ಕಡೆಗೇ ಇತ್ತು, ಸ್ವಲ್ಪ ಓರೆಯಾಗಿ, ಅಂಚಿನ ನೋಟದಲ್ಲಿ ಟೀಚರ್ ಪೂರ್ತಿ ಕಾಣುವ ಹಾಗೆ.

"ಪಾಸು" ಅಂದರು ಟೀಚರ್. "ಆದರೆ ಬರಿಗೈಲಿ ಇಳಿದು ಹೋಗಲ್ಲ ನಾನು, ಮೆಟ್ಟಿಲು ಹತ್ತಿ ಮಂಡಿ ನೋಯ್ತಿದೆ."

"ಟೀ ಮಾಡ್ತೀನಿ ಕೂತ್ಕೊಳ್ಳಿ" ಅಂತ ಅತ್ತೆ ಎದ್ದರು. ತಂತಿಯ ಜಾಡು ಹಿಡಿದು ಅಡುಗೆಮನೆಯ ಹೊಸ್ತಿಲವರೆಗೆ ಹೋದವರು ಅಲ್ಲಿ ನಿಂತು ತಿರುಗಿದರು.

"ಟೀಚರ್, ಲೋಟ ಮೇಲಿನ ಶೆಲ್ಫಲ್ಲಿದೆ. ಸ್ವಲ್ಪ ತೆಗೆದುಕೊಡ್ತೀರಾ?"